ದಿನವಿಡೀ ಕೆಲಸ ಇರುವವರು ಪ್ರಾರ್ಥನೆಗೆ ಸಮಯ ಎಲ್ಲಿಂದ ತರೋದು?

ನೀವು ಕೇಳಿದ್ದು ಇಷ್ಟು: ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟರೆ ರಾತ್ರಿ ಎಂಟಕ್ಕೆ ವಾಪಸ್, ಬೈಬಲ್ ತೆರೆಯೋಕೂ ಆಗ್ತಿಲ್ಲ, ಕೆಲಸಕ್ಕೆ ಹೋಗುವ ಬೇರೆ ಕ್ರೈಸ್ತರು ಹೇಗೆ ನಿಭಾಯಿಸುತ್ತಾರೆ? ನಾನು ಅಂಕೋಲಾದವಳು, ಕ್ಯಾಥೊಲಿಕ್. ಕಾರವಾರದ ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸ. ನನ್ನ ದಿನವೂ ಹೆಚ್ಚುಕಮ್ಮಿ ನಿಮ್ಮದರ ಹಾಗೇ ಇದೆ.

ಬಿಡುವು ಸಿಕ್ಕಾಗ ಪ್ರಾರ್ಥನೆ ಮಾಡ್ತೀನಿ ಅನ್ನೋದು ತೆರೆ ನಿಂತ ಮೇಲೆ ಸಮುದ್ರ ಸ್ನಾನ ಮಾಡ್ತೀನಿ ಅಂದ ಹಾಗೆ. ಬಿಡುವು ಸಿಗೋದಿಲ್ಲ, ಸಿಕ್ಕರೂ ಮೊಬೈಲ್ ನುಂಗಿಬಿಡುತ್ತದೆ. ಅದಕ್ಕೇ ಬಿಡುವು ಹುಡುಕೋದನ್ನು ಬಿಡಿ. ದಿನಾ ಹೇಗೂ ಮಾಡಲೇಬೇಕಾದ ಯಾವುದಾದರೂ ಒಂದು ಕೆಲಸಕ್ಕೆ ಪ್ರಾರ್ಥನೆಯನ್ನು ಕಟ್ಟಿಹಾಕಿ. ಇದು ನನ್ನ ತಲೆಯಿಂದ ಬಂದದ್ದೇನಲ್ಲ. ಇಗರ್ಜಿಯಲ್ಲಿ (ಚರ್ಚಿನಲ್ಲಿ) ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ಆರಕ್ಕೆ ಆಂಜೆಲಸ್ ಗಂಟೆ ಹೊಡೆಯುತ್ತಾರಲ್ವಾ, ಗದ್ದೆಯಲ್ಲಿ ಇದ್ದವರೂ ಅಡುಗೆಮನೆಯಲ್ಲಿ ಇದ್ದವರೂ ಇದ್ದಲ್ಲೇ ನಿಂತು ಪ್ರಾರ್ಥಿಸಿ ಮತ್ತೆ ಕೆಲಸಕ್ಕೆ ಬಗ್ಗುತ್ತಿದ್ದರು. ಆಂಜೆಲಸ್ ಅಂದರೆ ದೇವದೂತ ಯೇಸುವಿನ ತಾಯಿ ಮರಿಯಮ್ಮನಿಗೆ ಸುದ್ದಿ ತಂದದ್ದನ್ನು ನೆನೆಯುವ ಮೂರು ಸಾಲು, ಮೂರು ಸಲ ನಮೋ ಮರಿಯಾ ಜಪ, ಕೊನೆಗೆ ಒಂದು ಚಿಕ್ಕ ಪ್ರಾರ್ಥನೆ. ಎರಡು ನಿಮಿಷ ಸಾಕು.

ನನ್ನ ದೊಡ್ಡ ಪ್ರಾರ್ಥನೆ ನಡೆಯೋದು ಬಸ್ಸಿನಲ್ಲಿ. ಅಂಕೋಲಾದಿಂದ ಕಾರವಾರಕ್ಕೆ ಲೋಕಲ್ ಬಸ್ ಅಂದರೆ ಒಂದು ಗಂಟೆಯ ಹತ್ತಿರ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮಗೆ ಟಿಕೆಟ್ ಫ್ರೀ, ಆದರೆ ಸೀಟು ಸಿಗೋದು ಅದೃಷ್ಟ. ಆಧಾರ್ ತೋರಿಸಿ, ಝೀರೋ ಟಿಕೆಟ್ ತಗೊಂಡು, ಒಂದು ಕೈಯಲ್ಲಿ ಕಂಬಿ ಹಿಡಿದು ನಿಂತರೆ ಇನ್ನು ಜಪಮಾಲೆ ಹಿಡಿಯೋದು ಎಲ್ಲಿಂದ? ಅದಕ್ಕೆ ಬೆರಳಿಗೆ ಹಾಕುವ ಜಪಮಾಲೆ ಉಂಗುರ ಇದೆ. ಸುತ್ತ ಮಣಿಯಂಥ ಹತ್ತು ಗುಬ್ಬಿ, ಮೇಲೆ ಒಂದು ಚಿಕ್ಕ ಶಿಲುಬೆ. ಹೆಬ್ಬೆರಳಿನಲ್ಲಿ ಒಂದೊಂದೇ ಗುಬ್ಬಿ ತಿರುಗಿಸುತ್ತಾ ಹೋದರಾಯಿತು, ಪಕ್ಕದವರಿಗೆ ಗೊತ್ತೂ ಆಗೋದಿಲ್ಲ. ಹತ್ತು ನಮೋ ಮರಿಯಾ ಸೇರಿದರೆ ಒಂದು ಹತ್ತು; ಐದು ಹತ್ತರ ಪೂರ್ತಿ ತೇರ್ಸಿಗೆ (ಜಪಮಾಲೆ ಪ್ರಾರ್ಥನೆಗೆ) ಇಪ್ಪತ್ತು ನಿಮಿಷ ಸಾಕು, ಆದರೆ ನಾನು ಅವಸರ ಮಾಡೋದಿಲ್ಲ, ಅವರ್ಸಾ ದಾಟುವಾಗ ಶುರು ಮಾಡಿದರೆ ಅರ್ಗಾ, ಬಿಣಗಾ ಬರುವಷ್ಟರಲ್ಲಿ ಮುಗಿದಿರುತ್ತದೆ. ನಡುವೆ ಕಂಡಕ್ಟರ್ ಕೂಗುತ್ತಾನೆ, ಮೀನಿನ ಬುಟ್ಟಿ ಕಾಲಿಗೆ ತಾಗುತ್ತದೆ, ಯಾರೋ ಫೋನಿನಲ್ಲಿ ಜಗಳ ಆಡುತ್ತಿರುತ್ತಾರೆ. ಮನಸ್ಸು ಆ ಜಗಳದ ಕಡೆ ಹೋಗೇ ಹೋಗುತ್ತದೆ. ಹೋದರೆ ಹೋಗಲಿ, ಬೆರಳು ಎಲ್ಲಿದೆಯೋ ಅಲ್ಲಿಂದ ಮುಂದುವರಿಸಿ. (ಪ್ರತಿ ಹತ್ತಕ್ಕೂ ಯೇಸು, ಮರಿಯಮ್ಮರ ಬದುಕಿನ ಒಂದು ಘಟನೆಯನ್ನು ನೆನೆಯುತ್ತೇವೆ, ಅದಕ್ಕೇ ರಹಸ್ಯ ಅನ್ನೋದು. ಗುರುವಾರದ ಬೆಳಕಿನ ರಹಸ್ಯಗಳನ್ನು ಪೋಪ್ ಎರಡನೇ ಜಾನ್ ಪೌಲ್ ಸೇರಿಸಿದ್ದು 2002ರಲ್ಲಿ. ನಮ್ಮತ್ತೆ ಇವತ್ತಿಗೂ ಗುರುವಾರ ಹಳೇ ಪದ್ಧತಿಯಂತೆ ಸಂತೋಷದ ರಹಸ್ಯವನ್ನೇ ಹೇಳುತ್ತಾರೆ. ಅವರನ್ನು ತಿದ್ದೋಕೆ ಹೋಗಬಾರದು ಅಂತ ನಾನು ಕಲಿತಿದ್ದೇನೆ.)

ಅಂಗಡಿಯಲ್ಲಿ ಕಥೆ ಬೇರೆ. ಆಂಜೆಲಸ್ ಹೇಳೋಕೆ ಅಂತ ಹನ್ನೆರಡಕ್ಕೆ ಮೊಬೈಲ್ ನಡುಗುವ ಹಾಗೆ ಇಟ್ಟುಕೊಂಡಿದ್ದೇನೆ, ಆದರೆ ಆ ಹೊತ್ತಿಗೇ ಆಸ್ಪತ್ರೆಯ ಓಪಿಡಿ ಮುಗಿಸಿದವರೆಲ್ಲ ಚೀಟಿ ಹಿಡಿದು ಬರುತ್ತಾರೆ. ಅವರನ್ನು ಕಾಯಿಸಿ ನಾನು ಕಣ್ಣು ಮುಚ್ಚಿ ನಿಂತರೆ ಅದು ಭಕ್ತಿ ಅಲ್ಲ, ದೌಲತ್ತು. ಜನ ಕರಗಿದ ಮೇಲೆ, ಒಂದೂವರೆಗೋ ಎರಡಕ್ಕೋ, ಡಬ್ಬಿ ಬಿಚ್ಚುವ ಮೊದಲು ಹೇಳುತ್ತೇನೆ. ದೇವರಿಗೆ ಗಡಿಯಾರದ ಹಟ ಇಲ್ಲ. ಅಪೊಸ್ತಲರ ಕಾರ್ಯಗಳಲ್ಲಿ ಪೇತ್ರ ಮಧ್ಯಾಹ್ನ ಪ್ರಾರ್ಥನೆಗೆ ಅಂತ ಮಾಳಿಗೆ ಹತ್ತಿದಾಗ ಅವನಿಗೆ ಹಸಿವಾಗಿತ್ತು ಅಂತ ಸೀದಾ ಬರೆದಿದ್ದಾರೆ, ಓದಿದಾಗೆಲ್ಲ ನನಗೆ ಸಮಾಧಾನ.

ಚೀಟಿ ಓದುವಾಗ ಮಾತ್ರ ಪ್ರಾರ್ಥನೆ ಬೇಡವೇ ಬೇಡ. ಐದು ಎಂಜಿಯೋ ಐವತ್ತೋ ಅಂತ ನೋಡುವ ಹೊತ್ತಿನಲ್ಲಿ ಪೂರ್ತಿ ತಲೆ ಅಲ್ಲೇ ಇರಬೇಕು. ಔಷಧಿ ತೆಗೆದು, ಎಕ್ಸ್‌ಪೈರಿ ನೋಡಿ ಆದ ಮೇಲೆ ಒಂದು ಚಿಕ್ಕ ಸಂದು ಸಿಗುತ್ತದೆ. ನಮ್ಮಲ್ಲಿ ತಿಂಗಳಿನ ಮಾತ್ರೆ ಒಮ್ಮೆಲೇ ತಗೊಳ್ಳುವವರು ಕಡಿಮೆ. ಮೀನು ಮಾರುವ ಅಜ್ಜಿಯರು ಪ್ಲಾಸ್ಟಿಕ್ ಕವರಿನಲ್ಲಿ ನಾಲ್ಕು ಮಡಿಕೆ ಹಾಕಿದ ಚೀಟಿ ತೆಗೆದು "ಐದು ದಿನದ್ದು ಕೊಡು ಬಾಯಿ, ಆಮೇಲೆ ಬತ್ತೆ" ಅನ್ನುತ್ತಾರೆ. ಆಗ ಸ್ಟ್ರಿಪ್ ಕತ್ತರಿಸಬೇಕು, ಬ್ಯಾಚ್ ನಂಬರು ಮತ್ತು ತಾರೀಕು ಇರುವ ತುದಿ ನಮ್ಮ ಹತ್ತಿರ ಉಳಿಯುವ ಹಾಗೆ. ಕತ್ತರಿ ಆಡುವ ಆ ಮೂರು ನಾಲ್ಕು ಕ್ಷಣ ನನ್ನದು: "ಸ್ವಾಮೀ, ಈ ಅಜ್ಜಿಗೆ ಸಕ್ಕರೆ ಇಳಿಯಲಿ, ಆರನೇ ದಿನಕ್ಕೂ ದುಡ್ಡು ಸಿಗಲಿ." ಅಷ್ಟೇ. ಕವರಿಗೆ ಹಾಕಿ ಚಿಲ್ಲರೆ ಕೊಟ್ಟು ಮುಂದಿನವರನ್ನು ಕರೆಯೋದು. ನಿಮ್ಮ ಕೆಲಸ ಏನೇ ಇರಲಿ, ಕೈ ಆಡುತ್ತಾ ತಲೆ ಖಾಲಿ ಇರುವ ಇಂಥ ಒಂದು ಸಂದು ಇದ್ದೇ ಇರುತ್ತದೆ, ಫೈಲು ಪ್ರಿಂಟ್ ಆಗುವಾಗ, ಲಿಫ್ಟ್ ಬರುವಾಗ, ಎಲ್ಲೋ ಒಂದು ಕಡೆ.

ನನ್ನ ಜೊತೆ ಕೆಲಸ ಮಾಡುವವರು ಒಬ್ಬರು "ಕಾಯಕವೇ ಕೈಲಾಸ, ನಿಯತ್ತಾಗಿ ದುಡಿದರೆ ಅದೇ ಪೂಜೆ, ಬೇರೆ ಯಾಕೆ?" ಅನ್ನುತ್ತಾರೆ. ಒಳ್ಳೇ ಮಾತೇ. ಆದರೆ ಪ್ರಾರ್ಥನೆ ತಪ್ಪಿಸೋಕೆ ಆ ಮಾತನ್ನು ನೆಪ ಮಾಡಿಕೊಳ್ಳೋದು ನನಗೆ ಒಪ್ಪಿಗೆ ಇಲ್ಲ. ಮಾರ್ಕನ ಮೊದಲ ಅಧ್ಯಾಯ ನೋಡಿ. ಕಪೆರ್ನೌಮಿನಲ್ಲಿ ಸಂಜೆ ಹೊತ್ತಿಗೆ ಊರಿಗೆ ಊರೇ ಬಾಗಿಲ ಮುಂದೆ ಸೇರಿತ್ತು, ಯೇಸು ಎಷ್ಟೋ ಜನರನ್ನು ಗುಣ ಮಾಡಿದ. ಅದಕ್ಕಿಂತ ದೊಡ್ಡ ಕಾಯಕ ಉಂಟಾ? ಆದರೂ ಮಾರನೇ ದಿನ ಇನ್ನೂ ಕತ್ತಲಿರುವಾಗಲೇ ಎದ್ದು, ಯಾರೂ ಇಲ್ಲದ ಜಾಗಕ್ಕೆ ಹೋಗಿ ಪ್ರಾರ್ಥನೆ ಮಾಡಿದ. "ಎಲ್ಲರೂ ನಿನ್ನನ್ನು ಹುಡುಕುತ್ತಿದ್ದಾರೆ" ಅಂತ ಶಿಷ್ಯರು ಬೆನ್ನು ಹತ್ತಿ ಬಂದರು. ನಮಗೂ ಫೋನ್ ಹಾಗೇ ಬರುತ್ತದೆ.

ರಾತ್ರಿ ನಮ್ಮಲ್ಲಿ ವಾರದ ದಿನ ಒಂದೇ ಹತ್ತು, ಶನಿವಾರ ಎಲ್ಲರೂ ಕೂತು ಪೂರ್ತಿ ತೇರ್ಸ್. ಮಲಗುವಾಗ 134ನೇ ಕೀರ್ತನೆ, ಮೂರೇ ವಚನ, ಬಾಯಿಪಾಠ ಮಾಡೋದು ಸುಲಭ. 117 ಇನ್ನೂ ಚಿಕ್ಕದು, ಎರಡೇ ವಚನ. ನೀವು ಕ್ಯಾಥೊಲಿಕ್ ಅಲ್ಲದಿದ್ದರೆ ತೇರ್ಸಿನ ಜಾಗದಲ್ಲಿ ಇಂಥ ಕೀರ್ತನೆಗಳನ್ನೇ ಇಟ್ಟುಕೊಳ್ಳಿ. ಕ್ಯಾಥೊಲಿಕ್ ಆಗಿದ್ದು ಭಾನುವಾರವೂ ಡ್ಯೂಟಿ ಇದ್ದರೆ ಶನಿವಾರ ಸಂಜೆ ಇಗರ್ಜಿಯ ಪೂಜೆಗೆ (ಮಾಸ್‌ಗೆ) ಹೋದರೂ ನಡೆಯುತ್ತದೆ, ಭಾನುವಾರದ ಲೆಕ್ಕಕ್ಕೇ ಬರುತ್ತದೆ. ಬೈಬಲ್ ಓದೋಕೆ ಮಾರ್ಕನಿಂದ ಶುರು ಮಾಡಿ, ಬರೀ 16 ಅಧ್ಯಾಯ. ವಾಟ್ಸಾಪಿನಲ್ಲಿ ಬರುವ ಹೂವಿನ ಚಿತ್ರದ ವಚನಕ್ಕೆ ಕೈಮುಗಿದ ಇಮೋಜಿ ಹಾಕೋದನ್ನು ಮಾತ್ರ ಓದಿನ ಲೆಕ್ಕಕ್ಕೆ ಸೇರಿಸಬೇಡಿ.

ಎಲ್ಲ ಒಟ್ಟಿಗೆ ಶುರು ಮಾಡಬೇಡಿ, ಒಂದನ್ನು ಹಿಡಿಯಿರಿ. ನೀವು ಬಸ್ಸಿನಲ್ಲಿ ಹೋಗ್ತೀರೋ ಬೈಕಿನಲ್ಲೋ ಅಂತ ಬರೆದಿಲ್ಲ. ಬೈಕಾದರೆ ಜಪಮಾಲೆ ಉಂಗುರ ಬೇಡ, ಹೆದ್ದಾರಿಯಲ್ಲಿ ಕಣ್ಣು ರಸ್ತೆ ಮೇಲೇ ಇರಲಿ; ಸ್ಟ್ಯಾಂಡ್ ಹಾಕಿ ಹೆಲ್ಮೆಟ್ ತೆಗೆದು ಒಳಗೆ ಹೋಗುವ ಮೊದಲು ಎರಡು ನಿಮಿಷ ನಿಲ್ಲಿ.