ಸೇತುವೆಗೆ ಮೊದಲು ಅದರ ಎರಡು ತುದಿ

ತಮಿಳುನಾಡಿನ ದೇನ್ಕನಿಕೋಟೆಯ ಓದುಗರೊಬ್ಬರ ಪತ್ರದ ಸಾರಾಂಶ: "ರಾಗಿ ಬಲಿಯುವ ಕಾಲಕ್ಕೆ ತಳಿ, ಜವಳಗಿರಿ ಕಡೆಯಿಂದ ಸಾನಮಾವು ಕಾಡಿಗೆ ಬರುವ ಆನೆಗಳನ್ನು ದಾಟಿಸಲು ಹೊಸೂರು–ಕೃಷ್ಣಗಿರಿ ಹೆದ್ದಾರಿಯಲ್ಲಿ ವಾಹನಗಳನ್ನು ತಡೆದು ನಿಲ್ಲಿಸುತ್ತಾರೆ. ಅಮೆರಿಕದಲ್ಲಿ ಕಟ್ಟುತ್ತಿರುವಂಥ, ಮೇಲೆ ಮಣ್ಣು ಹರಡಿ ಗಿಡ ಬೆಳೆಸಿ ಪ್ರಾಣಿಗಳನ್ನು ದಾಟಿಸುವ ಹಸಿರು ಸೇತುವೆ ಇಲ್ಲಿ ಯಾಕಾಗಬಾರದು? ಆನೆಯ ಭಾರ ತಾಳುತ್ತದೆಯೇ?"

ಸಂಪಾದಕರ ಉತ್ತರ:

ಆನೆಯ ಭಾರ ದೊಡ್ಡ ಸಮಸ್ಯೆಯಲ್ಲ, ಮಣ್ಣಿನ ಭಾರ ದೊಡ್ಡದು. ಆರು ಪಥ, ಎರಡೂ ಬದಿಯ ಸರ್ವಿಸ್ ರಸ್ತೆ ಸೇರಿ 60 ಮೀಟರ್ ದಾಟಬೇಕು ಅನ್ನಿ. ಸೇತುವೆಯ ಅಗಲ 50 ಮೀಟರ್. ಅದರ ಮೇಲೆ ಒಂದು ಮೀಟರ್ ಮಣ್ಣು ಹರಡಿದರೆ 3,000 ಘನ ಮೀಟರ್. ಮಳೆಯಲ್ಲಿ ನೆನೆದಾಗ ಸುಮಾರು 6,000 ಟನ್. ಇಪ್ಪತ್ತು ಆನೆಗಳ ಹಿಂಡು ಒಟ್ಟಿಗೆ ಹತ್ತಿದರೂ 80 ಟನ್ ಆಸುಪಾಸು. ಹಾಗಾಗಿ ತೊಲೆ, ಕಂಬಗಳ ಲೆಕ್ಕ ನಿಲ್ಲುವುದು ಮಣ್ಣಿನ ಮೇಲೆ. ಹುಲ್ಲಿಗೆ 30 ಸೆಂಟಿಮೀಟರ್ ಸಾಕು, ಪೊದೆಗೆ 60 ಬೇಕು, ಮರಕ್ಕೆ ಒಂದೂವರೆ ಮೀಟರ್ ದಾಟಬೇಕು. ನಮ್ಮ ಸಲಹೆ: ನಡುವೆ ಹುಲ್ಲು ಮತ್ತು ಬಂದರೆ ಗಿಡದಂಥ ಪೊದೆ, ಮರವೇನಿದ್ದರೂ ಸೇತುವೆಯಾಚೆಯ ಇಳಿಜಾರಿನಲ್ಲಿ. ಆಲ, ಅರಳಿ ಬೇಡವೇ ಬೇಡ. ಹಣ್ಣಿನ ಗಿಡ, ನೀರಿನ ತೊಟ್ಟಿಯೂ ಬೇಡ. ಆನೆ ಅಲ್ಲೇ ನಿಂತುಬಿಡುತ್ತದೆ. ನಮಗೆ ಬೇಕಾದದ್ದು ಅದು ದಾಟಿ ಹೋಗುವುದು.

ಸೇತುವೆ ಹಾಳಾಗುವುದು ನೀರಿನಿಂದ. ಕಾಂಕ್ರೀಟ್ ಹಾಸಿನ ಮೇಲೆ ಮೊದಲು ನೀರು ತಡೆಯುವ ಪದರ, ಬೇರು–ಗುದ್ದಲಿ ತಾಗದಂತೆ ಅದರ ಮೇಲೊಂದು ರಕ್ಷಣಾ ಪದರ, ಆಮೇಲೆ ಜಲ್ಲಿ, ಜಲ್ಲಿಯ ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ, ಕೊನೆಗೆ ಮಣ್ಣು. ಈ ಬಟ್ಟೆಯನ್ನು ಉಳಿತಾಯದ ಹೆಸರಿನಲ್ಲಿ ಕೈಬಿಟ್ಟರೆ ನುಣ್ಣನೆಯ ಮಣ್ಣು ಜಲ್ಲಿಯೊಳಗೆ ಇಳಿದು ನೀರು ಹೊರಹೋಗುವ ಪೈಪು ಕಟ್ಟಿಕೊಳ್ಳುತ್ತದೆ, ನೀರು ನಿಲ್ಲುತ್ತದೆ, ಸೀಳಿನಲ್ಲಿ ಒಸರಿ ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ಹಾಸಿಗೆ ನೂರಕ್ಕೆ ಎರಡರಷ್ಟಾದರೂ ವಾಟ ಇರಲಿ. ಪೈಪಿನ ಬಾಯಿ ಕೆಳಗಿನಿಂದ ತೆರೆದು ತೊಳೆಯುವಂತಿರಲಿ.

ಕ್ಯಾಲಿಫೋರ್ನಿಯಾದ ಅಗೋರಾ ಹಿಲ್ಸ್ ಬಳಿ 2022ರಲ್ಲಿ ಕೆಲಸ ಶುರುವಾದ ಸೇತುವೆ 10 ಪಥಗಳ ಮೇಲೆ ಹಾಯುತ್ತದೆ. ಸುಮಾರು 64 ಮೀಟರ್ ಉದ್ದ, 53 ಮೀಟರ್ ಅಗಲ. ಅದನ್ನು ಯೋಜಿಸಿದ್ದು ಮುಖ್ಯವಾಗಿ ಪ್ಯೂಮಾ ಎಂಬ ದೊಡ್ಡ ಕಾಡುಬೆಕ್ಕುಗಳಿಗಾಗಿ. ಒಂಟಿಯಾಗಿ ತಿರುಗುವ ಪ್ಯೂಮಾಗೆ ಧಾರಾಳವಾದ ಆ ಅಗಲ ಮರಿ ಕಟ್ಟಿಕೊಂಡು ನಡೆಯುವ ಆನೆ ಹಿಂಡಿಗೆ ಹೆಚ್ಚೂಕಡಿಮೆ ಕನಿಷ್ಠ. ಎರಡೂ ಅಂಚಿಗೆ ಎರಡೂವರೆ ಮೀಟರ್ ಎತ್ತರದ ಗಟ್ಟಿ ಗೋಡೆಯೋ ಮಣ್ಣಿನ ದಿಬ್ಬವೋ ಬೇಕು. ಜಾಲರಿ ಹಾಕಿದರೆ ಲಾರಿಯ ಹೆಡ್‌ಲೈಟು, ಹಾರ್ನು ನೇರ ಮೇಲೆ ಬಂದು ಮುಂದಿನ ಹೆಣ್ಣಾನೆ ಹಿಂದಕ್ಕೆ ತಿರುಗುತ್ತದೆ, ಹಿಂಡೆಲ್ಲ ಅದರ ಹಿಂದೆ.

ಇನ್ನು ಏರು. ಲಾರಿಗೆ ಐದೂವರೆ ಮೀಟರ್, ತೊಲೆಗೆ ಎರಡು, ಮಣ್ಣಿಗೆ ಒಂದು: ಒಟ್ಟು ಎಂಟೂವರೆ ಮೀಟರ್. ಎಂಟಕ್ಕೆ ಒಂದರ ಏರಾದರೆ ಪ್ರತಿ ಬದಿಗೆ 68 ಮೀಟರ್ ಉದ್ದದ ಇಳಿಜಾರು, ಅದೂ ತುದಿಗೆ ಹೋಗುತ್ತ ಅಗಲವಾಗಬೇಕು. ಬರೀ ಇಳಿಜಾರಿಗೇ ಪ್ರತಿ ಬದಿಗೆ ಎಕರೆಗೂ ಹೆಚ್ಚು ಜಮೀನು. ರಸ್ತೆ ಗುಡ್ಡ ಕಡಿದು ಹೋಗಿರುವ ಕಡೆ ಈ ಏರು ಬಹುಪಾಲು ತಾನಾಗಿಯೇ ಸಿಗುತ್ತದೆ. ಮೇಲ್ಸೇತುವೆಗೆ ಅದೇ ತಕ್ಕ ಜಾಗ. ರಸ್ತೆಯೇ ಎತ್ತರದ ಏರಿಯ ಮೇಲಿದ್ದರೆ ರಸ್ತೆಯನ್ನು ಕಂಬಗಳ ಮೇಲೆ ಎತ್ತಿ ಕೆಳಗೆ ದಾರಿ ಬಿಡುವುದು ವಾಸಿ. ನಿಮ್ಮ ಹೊಸೂರು–ಕೃಷ್ಣಗಿರಿ ರಸ್ತೆಯೂ ಸೇರಿದ 44ನೇ ರಾಷ್ಟ್ರೀಯ ಹೆದ್ದಾರಿ ಮಹಾರಾಷ್ಟ್ರದಲ್ಲಿ ಪೆಂಚ್ ಕಾಡು ಹಾಯುವಲ್ಲಿ 50ರಿಂದ 750 ಮೀಟರ್ ಅಗಲದ ಒಂಬತ್ತು ಕೆಳದಾರಿಗಳಿವೆ, ಹುಲಿಗಳೂ ಅವುಗಳಲ್ಲಿ ಓಡಾಡುತ್ತವೆ. ಆನೆಗಾದರೆ ಆ ಕೆಳದಾರಿ ಎಂಟು ಮೀಟರಿಗೆ ಕಡಿಮೆ ಎತ್ತರ ಇರಬಾರದು.

ಬೇಲಿ ಇಲ್ಲದ ಸೇತುವೆ ಕೆಲಸಕ್ಕೆ ಬಾರದು. ಐದು ಕಿಲೋಮೀಟರಿಗಿಂತ ಚಿಕ್ಕ ಬೇಲಿಗಳಿರುವ ಕಡೆ ಪ್ರಾಣಿ–ವಾಹನ ಡಿಕ್ಕಿ ಸರಾಸರಿ ಅರ್ಧದಷ್ಟೇ ಕಡಿಮೆಯಾದರೆ, ಅದಕ್ಕಿಂತ ಉದ್ದದವುಗಳಲ್ಲಿ ಶೇಕಡಾ 80ಕ್ಕೂ ಹೆಚ್ಚು ಇಳಿದಿದೆ. ಪ್ರಾಣಿ ಬೇಲಿಯ ಕೊನೆ ಸುತ್ತಿ ಬರುವುದೇ ಕಾರಣ. ಆ ಲೆಕ್ಕ ಹೆಚ್ಚಾಗಿ ಜಿಂಕೆ ಜಾತಿಯದು. ಆನೆಗೆ ಸೋಲಾರ್ ತಂತಿ ಸಾಲದು, ಮರದ ತುಂಡು ಬೀಳಿಸಿ ದಾಟುತ್ತದೆ. ರೈಲು ಹಳಿಯ ಕಂಬಿಯ ಬೇಲಿಯೋ ಉಕ್ಕಿನ ಹಗ್ಗದ ಬೇಲಿಯೋ ಬೇಕು. ಬೇಲಿಯೊಳಗೆ ಸಿಕ್ಕಿಬಿದ್ದ ಆನೆ ಹೊರಬೀಳಲು ಅಲ್ಲಲ್ಲಿ ಇಲಾಖೆಯವರು ತೆರೆಯಬಹುದಾದ ಗೇಟು ಇಡಬೇಕು.

ನಮಗೆ ನಿಜವಾದ ಆತಂಕ ಸೇತುವೆ ಇಳಿದ ಮೇಲಿನದು. ಅತ್ತ ವೇಪ್ಪನಪಳ್ಳಿ ಕಡೆಗೆ ಹೋಗುವ ದಾರಿಯಲ್ಲಿ ಪಟ್ಟಾ ಜಮೀನು ಲೇಔಟ್ ಆದರೆ ಆನೆ ಇಳಿಯುವುದು ಯಾರದೋ ಕಾಂಪೌಂಡಿಗೆ. ಆದ್ದರಿಂದ ಸೇತುವೆಯ ನಕ್ಷೆಗೆ ಮೊದಲೇ ಎರಡೂ ತುದಿಯ ಜಮೀನನ್ನು ಕೊಳ್ಳಬೇಕು, ಇಲ್ಲವೇ ಕಟ್ಟಡ ಏಳದಂತೆ ಒಪ್ಪಂದ ಮಾಡಿಕೊಂಡು ರೈತರಿಗೆ ವರ್ಷ ವರ್ಷ ಹಣ ಕೊಡಬೇಕು. ಕೆನಡಾದ ಬ್ಯಾನ್ಫ್‌ನಲ್ಲಿ ಕರಡಿ, ತೋಳಗಳು ಸೇತುವೆಗೆ ಒಗ್ಗಲು ನಾಲ್ಕೈದು ವರ್ಷ ಹಿಡಿಯಿತು. ಅಷ್ಟು ಕಾಲ ಜಮೀನು ಬಯಲಾಗಿಯೇ ಉಳಿದಿರಬೇಕಲ್ಲ.

ನಿಮ್ಮ ಕಡೆಯಿಂದ ಈಗಲೇ ಆಗುವ ಕೆಲಸವೊಂದಿದೆ. ಆನೆ ದಾಟಿದಾಗಲೆಲ್ಲ ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆ, ತಾರೀಕು, ಹೊತ್ತು, ಯಾವ ಕಡೆಯಿಂದ ಯಾವ ಕಡೆಗೆ, ಮರಿ ಇದ್ದವೇ ಎಂಬುದನ್ನು ಬರೆದಿಡಿ. ಎರಡು ರಾಗಿ ಸುಗ್ಗಿಯ ದಾಖಲೆಯನ್ನು ಗ್ರಾಮಸಭೆಯ ನಿರ್ಣಯದೊಂದಿಗೆ ಅರಣ್ಯ ವಿಭಾಗಕ್ಕೂ ಹೆದ್ದಾರಿ ಪ್ರಾಧಿಕಾರಕ್ಕೂ ಕಳಿಸಿ, ಸ್ವೀಕೃತಿ ಪತ್ರ ಇಟ್ಟುಕೊಳ್ಳಿ.