ಎಲ್‌ವೈ ಕಂಡಲ್ಲೆಲ್ಲ ಆಡ್‌ವರ್ಬ್ ಅಲ್ಲ, ಮೇಷ್ಟ್ರೇ

ಮೇಷ್ಟ್ರಿಗೆ ನಮಸ್ಕಾರ.

ಎಸ್ಸೆಸ್ಸೆಲ್ಸಿ ಮಕ್ಕಳಿಗೆಂದು ನೀವು ಕಳಿಸಿದ 'ಆಡ್‌ವರ್ಬ್ ಗುರುತಿಸುವುದು ಹೇಗೆ' ಲೇಖನ, ಅಂದರೆ ಇಂಗ್ಲಿಷಿನ ಕ್ರಿಯಾವಿಶೇಷಣದ ಪಾಠ, ಓದಿದೆ. ಭಾಷೆ ಸರಳವಾಗಿದೆ, ಉದ್ದವೂ ಹದವಾಗಿದೆ, ಸಂತೋಷ. ಆದರೆ ಎರಡನೇ ಪ್ಯಾರಾ ಓದಿ ಸಿಟ್ಟು ಬಂತು. ಅದನ್ನು ಮುಚ್ಚಿಟ್ಟುಕೊಂಡು ಉತ್ತರ ಬರೆಯಲು ನನಗೆ ಬರುವುದಿಲ್ಲ.

ಅದರ ಮೊದಲ ಸಾಲು: 'ಪದದ ಕೊನೆಯಲ್ಲಿ ಎಲ್‌ವೈ ಇದ್ದರೆ ಅದು ಯಾವಾಗಲೂ ಆಡ್‌ವರ್ಬ್.' ಹಾಗಾದರೆ ಫ್ರೆಂಡ್ಲಿ? ಲವ್ಲಿ, ಲೋನ್ಲಿ, ಅಗ್ಲಿ? ಎಲ್ಲವೂ ಆಡ್ಜೆಕ್ಟಿವ್‌ಗಳು, ನಾಮಪದದ ಗುಣ ಹೇಳುವ ಪದಗಳು. ನಿಮ್ಮ ಸೂತ್ರ ನಂಬಿದ ಹುಡುಗ ಪರೀಕ್ಷೆಯಲ್ಲಿ ಫ್ಯಾಮಿಲಿ, ಜುಲೈ ಅಡಿಯಲ್ಲೂ ಗೆರೆ ಎಳೆದು ಬರುತ್ತಾನೆ. ಅಷ್ಟೇ ಅಲ್ಲ, 'ಹಿ ಸ್ಪೋಕ್ ಫ್ರೆಂಡ್ಲಿ' ಅಂತ ಬರೆಯುತ್ತಾನೆ. ಅಲ್ಲಿ 'ಇನ್ ಎ ಫ್ರೆಂಡ್ಲಿ ವೇ' ಅಂತ ಹೇಳಬೇಕು.

ಎರಡನೇ ಸಾಲು ಇನ್ನೂ ಅಪಾಯ: 'ಆಡ್ಜೆಕ್ಟಿವ್‌ಗೆ ಎಲ್‌ವೈ ಸೇರಿಸಿದರೆ ಆಡ್‌ವರ್ಬ್ ಸಿದ್ಧ.' ಸ್ಲೋ, ಕ್ವಿಕ್‌ಗೆ ಸರಿ. ಗುಡ್‌ಗೆ? ವೆಲ್ ಆಗಬೇಕು. ಫಾಸ್ಟ್‌ಗೆ ಏನೂ ಸೇರುವುದೇ ಇಲ್ಲ: 'ಎ ಫಾಸ್ಟ್ ಬಸ್', 'ದ ಬಸ್ ವೆಂಟ್ ಫಾಸ್ಟ್', ಎರಡೂ ಕಡೆ ಅದೇ ಪದ. ಇನ್ನು ಹಾರ್ಡ್. 'ಐ ಸ್ಟಡೀಡ್ ಹಾರ್ಡ್' ಅಂದರೆ ಕಷ್ಟಪಟ್ಟು ಓದಿದೆ. 'ಐ ಹಾರ್ಡ್ಲಿ ಸ್ಟಡೀಡ್' ಅಂದರೆ ಓದಿದ್ದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ರಾತ್ರಿಯೆಲ್ಲ ನಿದ್ದೆಗೆಟ್ಟು ಓದಿದ ಹುಡುಗಿ ಇಂಟರ್‌ವ್ಯೂನಲ್ಲಿ ಹೀಗೆ ಹೇಳಿ ಬಂದರೆ ಯಾರು ಹೊಣೆ? ಲೇಟ್, ಲೇಟ್ಲಿ ಕಥೆಯೂ ಇದೇ: ಒಂದು ತಡವಾಗಿ, ಇನ್ನೊಂದು ಇತ್ತೀಚೆಗೆ.

ನಾನು ಪತ್ರಿಕೆಗೆ ಸೇರಿದ ಹೊಸದರಲ್ಲಿ ನಮ್ಮ ಕಾಪಿ ನೋಡುತ್ತಿದ್ದ ಹಿರಿಯರೊಬ್ಬರಿಗೆ 'ಯಾವಾಗಲೂ' ಅನ್ನುವ ಪದ ಕಂಡರೆ ಆಗುತ್ತಿರಲಿಲ್ಲ. ಕೆಂಪು ಪೆನ್ನಿನಲ್ಲಿ ಸುತ್ತಿ, ಆ ಮಾತಿಗೆ ಹೊಂದದ ಒಂದು ಉದಾಹರಣೆಯನ್ನು ಮಾರ್ಜಿನ್‌ನಲ್ಲಿ ಬರೆದು, ಏನೂ ಹೇಳದೆ ಹಾಳೆ ವಾಪಸ್ ಕೊಡುತ್ತಿದ್ದರು. ಬೈದಿದ್ದರೇ ವಾಸಿ ಅನ್ನಿಸುತ್ತಿತ್ತು. ಎರಡನೇ ಉದಾಹರಣೆ ನಾವೇ ಹುಡುಕಿಕೊಂಡು ಹೋಗುವವರೆಗೆ ಆ ಕಾಪಿ ಅಚ್ಚಿಗೆ ಹೋಗುತ್ತಿರಲಿಲ್ಲ, ಆಮೇಲೆ ಪ್ರೆಸ್‌ನವರ ಬೈಗುಳ ಬೇರೆ. ನಿಮ್ಮ ಹಾಳೆಯ ಮೇಲೂ ಆ ಪದಕ್ಕೆ ಸುತ್ತು ಹಾಕಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪದದ ಬಾಲ ಬಿಟ್ಟು ಅದರ ಕೆಲಸ ನೋಡಲು ಮಕ್ಕಳಿಗೆ ಹೇಳಿ. 'ಎ ಡೈಲಿ ಪೇಪರ್' ಅಂದಾಗ ಡೈಲಿ ಪೇಪರಿನ ಬಗ್ಗೆ ಹೇಳುತ್ತಿದೆ, ಆಡ್ಜೆಕ್ಟಿವ್. 'ದ ಪೇಪರ್ ಕಮ್ಸ್ ಡೈಲಿ' ಅಂದಾಗ ಬರುವುದರ ಬಗ್ಗೆ ಹೇಳುತ್ತಿದೆ, ಆಡ್‌ವರ್ಬ್. ಅಕ್ಷರ ಒಂದೂ ಬದಲಾಗಿಲ್ಲ, ಅಲ್ವಾ? ಹೇಗೆ, ಯಾವಾಗ, ಎಲ್ಲಿ, ಎಷ್ಟು ಅಂತ ಕ್ರಿಯಾಪದವನ್ನು ಕೇಳಿದರೆ ಸೂನ್, ಹಿಯರ್, ಆಫನ್ ತರಹದ ಎಲ್‌ವೈ ಇಲ್ಲದ ಪದಗಳೂ ಸಿಗುತ್ತವೆ. ನಿಮ್ಮ ಲೇಖನದಲ್ಲಿ ಇವು ಒಂದೂ ಇಲ್ಲ. 'ವೆರಿ ಹಾಟ್'ನಲ್ಲಿರುವ ವೆರಿಯನ್ನೂ ಮರೆಯಬೇಡಿ, ಅದು ಆಡ್ಜೆಕ್ಟಿವ್‌ಗೇ ಜೊತೆಯಾಗುವ ಆಡ್‌ವರ್ಬ್.

ಸ್ಪೆಲ್ಲಿಂಗ್ ಪಟ್ಟಿ ಹಾಗೇ ಇರಲಿ. ಹ್ಯಾಪಿಯ ವೈ ಹೋಗಿ ಐ ಬರುವುದು, ಟ್ರೂ ಪದದ ಇ ಬಿಟ್ಟುಹೋಗುವುದು, ಎರಡೂ ಸರಿಯಾಗಿವೆ. ಪಬ್ಲಿಕ್ ಒಂದನ್ನು ತಿದ್ದಿ: ಬೇಸಿಕ್‌ಗೆ ಎ-ಎಲ್-ಎಲ್-ವೈ ಸೇರುತ್ತದೆ, ಪಬ್ಲಿಕ್‌ಗೆ ಬರೀ ಎಲ್‌ವೈ. ಎರಡನೇ ಪ್ಯಾರಾ ಹೊಸದಾಗಿ ಬರೆದು ಕಳಿಸಿ, ಮತ್ತೆ ಓದುತ್ತೇನೆ.