ಓದುಗರ ಪ್ರಶ್ನೆ: ಬೆಳಕು, ಶಬ್ದ, ತರಂಗಗಳನ್ನು ಮಾಡಿ ಕಲಿಸುವುದು ಹೇಗೆ?

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯೊಂದರ ವಿಜ್ಞಾನ ಶಿಕ್ಷಕಿ. ‘ಶಬ್ದವು ನೀಳ ತರಂಗ’ (ಅಂದರೆ ಅಲೆ ಸಾಗುವ ದಿಕ್ಕಿನಲ್ಲೇ ಗಾಳಿಯ ಕಣಗಳು ಹಿಂದೆ ಮುಂದೆ ಆಡುವ ತರಂಗ) ಎಂದು ಒಂಬತ್ತನೆಯ ತರಗತಿಯ ಮಕ್ಕಳು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆಯುತ್ತಾರೆ. ಆದರೆ ಶಬ್ದ ಸಾಗುವ ಬಗೆಯನ್ನು ಚಿತ್ರಿಸಿ ಎಂದರೆ ಬಾಯಿಯಿಂದ ಕಿವಿಯವರೆಗೆ ಅಂಕುಡೊಂಕು ಗೆರೆ ಎಳೆಯುತ್ತಾರೆ. ಮಾತಾಡಿದವರ ಬಾಯಿಯ ಗಾಳಿಯೇ ನಮ್ಮ ಕಿವಿಗೆ ಬಂದು ಮುಟ್ಟುತ್ತದೆ ಎಂದು ನಂಬಿದವರೂ ಇದ್ದಾರೆ. ಪ್ರಯೋಗಾಲಯದಲ್ಲಿ ಒಂದು ಶ್ರುತಿಕವೆ (ಟ್ಯೂನಿಂಗ್ ಫೋರ್ಕ್) ಬಿಟ್ಟರೆ ಬೇರೇನೂ ಇಲ್ಲ. ಏನು ಮಾಡಲಿ?
– ಒಬ್ಬ ಶಿಕ್ಷಕಿ, ಚಿತ್ರದುರ್ಗ ಜಿಲ್ಲೆ

ಉತ್ತರ: ನಿಮ್ಮ ಮಕ್ಕಳು ಎಳೆದ ಗೆರೆ ಅವರ ಕಲ್ಪನೆಯಲ್ಲಿ ಹುಟ್ಟಿದ್ದಲ್ಲ. ಪಠ್ಯಪುಸ್ತಕಗಳಲ್ಲಿ ಶಬ್ದವನ್ನು ಏರಿಳಿಯುವ ಗೆರೆಯಾಗಿ ತೋರಿಸುವುದು ರೂಢಿ. ಅದು ಗಾಳಿಯ ಒತ್ತಡ ಎಲ್ಲೆಲ್ಲಿ ಹೆಚ್ಚು, ಎಲ್ಲೆಲ್ಲಿ ಕಡಿಮೆ ಎಂಬುದನ್ನು ಹೇಳುವ ನಕ್ಷೆ. ಮಕ್ಕಳು ಅದನ್ನು ಶಬ್ದದ ಚಿತ್ರವೆಂದೇ ತಿಳಿಯುತ್ತಾರೆ. ಆದ್ದರಿಂದ ವ್ಯಾಖ್ಯೆಯನ್ನು ಮತ್ತೊಮ್ಮೆ ಹೇಳಿಕೊಡುವುದರಿಂದ ಪ್ರಯೋಜನವಾಗದು. ನಕ್ಷೆ ಹೇಗೆ ಹುಟ್ಟುತ್ತದೆ ಎಂಬುದನ್ನು ಮಕ್ಕಳೇ ಮಾಡಿ ನೋಡಬೇಕು.

ಮೊದಲು ‘ಬಾಯಿಯ ಗಾಳಿ’ಯ ನಂಬಿಕೆಯನ್ನೇ ಪರೀಕ್ಷೆಗೆ ಒಡ್ಡಿ. ಹೊಗೆಯಾಡುವ ಊದುಬತ್ತಿಯನ್ನು ಶಾಲೆಯ ಧ್ವನಿವರ್ಧಕದ ಮುಂದೆ ಒಂದೆರಡು ಅಡಿ ದೂರದಲ್ಲಿಟ್ಟು, ಹಾಡು ಹಾಕಿದಾಗ ಹೊಗೆ ಯಾವ ಕಡೆಗೆ ಹೋಗಬಹುದೆಂದು ಪ್ರತಿಯೊಬ್ಬರೂ ಪುಸ್ತಕದಲ್ಲಿ ಬರೆದ ಮೇಲೆಯೇ ಹಾಡು ಹಾಕಿ. ಹಾಡು ತರಗತಿಯ ಕೊನೆಯ ಸಾಲಿನವರೆಗೂ ಕೇಳಿಸುತ್ತದೆ, ಹೊಗೆ ಮಾತ್ರ ತನ್ನ ಪಾಡಿಗೆ ಮೇಲೇರುತ್ತಿರುತ್ತದೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್, ಅಂದರೆ ಗಂಟೆಗೆ 1200 ಕಿಲೋಮೀಟರಿಗೂ ಹೆಚ್ಚು. ಗಾಳಿಯೇ ಆ ವೇಗದಲ್ಲಿ ಬರುವುದಾಗಿದ್ದರೆ ಪ್ರತಿ ಮಾತೂ ಚಂಡಮಾರುತವನ್ನು ಮೀರಿಸುತ್ತಿತ್ತು ಎಂಬ ತರ್ಕವನ್ನು ಮಕ್ಕಳೇ ಕಂಡುಕೊಳ್ಳಲು ಬಿಡಿ. ಊಹೆಯನ್ನು ಮೊದಲೇ ಬರೆಸುವುದನ್ನು ದಯವಿಟ್ಟು ಕೈಬಿಡಬೇಡಿ. ಬರೆದಿಡದ ಮಗು ಫಲಿತಾಂಶ ಕಂಡ ಮೇಲೆ ತಾನೂ ಹಾಗೆಯೇ ಅಂದುಕೊಂಡಿದ್ದೆ ಎನ್ನುತ್ತದೆ. ಅಲ್ಲಿಗೆ ಕಲಿಕೆ ನಿಂತುಬಿಡುತ್ತದೆ.

ಮುಂದಿನದನ್ನು ಅಂಗಳದಲ್ಲಿ ಮಾಡಿ. ಹತ್ತು ಹನ್ನೆರಡು ಮಕ್ಕಳು ಒಬ್ಬರ ಹಿಂದೆ ಒಬ್ಬರು ನಿಂತು, ಮುಂದಿನವರ ಹೆಗಲ ಮೇಲೆ ಎರಡೂ ಕೈ ಇಡಲಿ; ಪ್ರತಿಯೊಬ್ಬರ ಪಾದದ ಸುತ್ತ ಸೀಮೆಸುಣ್ಣದಿಂದ ಗುರುತು ಹಾಕಿ. ಕೊನೆಯ ಮಗುವನ್ನು ಮೆಲ್ಲಗೆ ಮುಂದಕ್ಕೆ ತಳ್ಳಿ ಬಿಟ್ಟರೆ ತಳ್ಳಾಟ ಸಾಲಿನ ತುದಿಯವರೆಗೂ ಸಾಗುತ್ತದೆ, ಆದರೆ ಪಾದಗಳೆಲ್ಲ ಗುರುತಿನೊಳಗೇ ಇರುತ್ತವೆ. ಸಾಗಿದ್ದು ಏನು, ಉಳಿದದ್ದು ಏನು ಎಂದು ಆಗ ಕೇಳಿ. ಬಳಿಕ ಒಂದು ಹಗ್ಗದ ನಡುವೆ ಬಣ್ಣದ ರಿಬ್ಬನ್ ಕಟ್ಟಿ ತುದಿಯನ್ನು ಮೇಲಕ್ಕೂ ಕೆಳಕ್ಕೂ ಒದರಿದರೆ ಅಡ್ಡ ತರಂಗ ಕಾಣುತ್ತದೆ: ಅಲೆ ಮುಂದಕ್ಕೆ ಹೋದರೂ ರಿಬ್ಬನ್ ಇದ್ದಲ್ಲೇ ಮೇಲೆ ಕೆಳಗೆ ಆಡುತ್ತದೆ. ಎರಡನ್ನೂ ಒಂದೇ ದಿನ ಮಾಡಿಸಿ. ಹಗ್ಗವನ್ನಷ್ಟೇ ತೋರಿಸಿ ‘ಶಬ್ದವೂ ಹೀಗೆಯೇ’ ಎಂದರೆ ಅಂಕುಡೊಂಕು ಗೆರೆ ಮತ್ತಷ್ಟು ಗಟ್ಟಿಯಾಗುತ್ತದೆ.

ಈಗ ನಕ್ಷೆಗೆ ಬರೋಣ. ಜಾತ್ರೆಯ ಅಂಗಡಿಗಳಲ್ಲಿ ಸಿಗುವ ಬಣ್ಣದ ಪ್ಲಾಸ್ಟಿಕ್ ಸ್ಪ್ರಿಂಗನ್ನು ನುಣುಪಾದ ನೆಲದ ಮೇಲೆ ಎರಡು ಮೀಟರಿನಷ್ಟು ಎಳೆದು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಒಂದು ತುದಿಯನ್ನು ಲಯಬದ್ಧವಾಗಿ ಹಿಂದೆ ಮುಂದೆ ತಳ್ಳುತ್ತಿರುವಾಗ ಮೇಲಿನಿಂದ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಫೋಟೊದಲ್ಲಿ ಪ್ರತಿ ಐದು ಸೆಂಟಿಮೀಟರಿಗೆ ಎಷ್ಟು ಸುರುಳಿಗಳಿವೆ ಎಂದು ಮಕ್ಕಳು ಎಣಿಸಿ, ಆ ಸಂಖ್ಯೆಗಳನ್ನು ಚೌಕಳಿ ಹಾಳೆಯಲ್ಲಿ ಕಂಬಗಳಾಗಿ ಬರೆಯಲಿ. ಸುರುಳಿಗಳು ಒತ್ತೊತ್ತಾಗಿರುವ ಸಂಪೀಡನದಲ್ಲಿ ಕಂಬ ಎತ್ತರ, ಬಿಡಿಬಿಡಿಯಾಗಿರುವ ವಿರಳನದಲ್ಲಿ ಗಿಡ್ಡ. ಕಂಬಗಳ ತುದಿಗಳನ್ನು ಸೇರಿಸಿದಾಗ ಪುಸ್ತಕದ ಆ ಏರಿಳಿತದ ಗೆರೆ ಅವರ ಕೈಯಲ್ಲೇ ಮೂಡುತ್ತದೆ. ಸ್ಪ್ರಿಂಗ್ ಮಾತ್ರ ನೆಲದ ಮೇಲೆ ನೇರವಾಗಿಯೇ ಇರುತ್ತದೆ. ಇದಕ್ಕೆ ಒಂದು ಪೂರ್ಣ ಅವಧಿ ಹೋದರೂ ಹೋಗಲಿ. ಇಡೀ ಅಧ್ಯಾಯದಲ್ಲಿ ಇದಕ್ಕಿಂತ ಬೆಲೆಯುಳ್ಳ ಚಟುವಟಿಕೆ ನನಗೆ ತಿಳಿದಿಲ್ಲ.

ಕಂಪನವನ್ನು ಕಣ್ಣಿಗೆ ತೋರಿಸಲು ಡಬ್ಬಿಯ ಬಾಯಿಗೆ ಬಲೂನಿನ ರಬ್ಬರನ್ನು ಬಿಗಿದು, ಅದರ ಮೇಲೆ ಚಿರೋಟಿ ರವೆ ಉದುರಿಸಿ, ಹತ್ತಿರದಲ್ಲಿ ಜೋರಾಗಿ ರಾಗ ಎಳೆಯಲು ಹೇಳಿ. ಕೆಲವು ಸ್ವರಗಳಿಗೆ ರವೆ ಕುಣಿದು ಕೆಲವೆಡೆ ಗುಂಪುಗೂಡುತ್ತದೆ, ಕೆಲವು ಸ್ವರಗಳಿಗೆ ಕದಲುವುದೇ ಇಲ್ಲ. ಸಿ.ವಿ. ರಾಮನ್ ಅವರು ಬೆಳಕಿನ ಚದರಿಕೆಯ ಸಂಶೋಧನೆಗೆ ಹೆಸರಾಗುವ ಮೊದಲೇ ಮೃದಂಗ ಮತ್ತು ತಬಲಾಗಳ ಕಂಪನವನ್ನು ಅಧ್ಯಯನ ಮಾಡಿದ್ದರು. ಮುಚ್ಚಿಗೆಯ ನಡುವಿನ ಕಪ್ಪು ಕರಣೆಯ ಭಾರದಿಂದಾಗಿಯೇ ಈ ವಾದ್ಯಗಳು ಉಳಿದ ಚರ್ಮವಾದ್ಯಗಳಂತಲ್ಲದೆ ಶ್ರುತಿಬದ್ಧವಾದ ನಾದ ಕೊಡುತ್ತವೆ ಎಂದು ತೋರಿಸಿದವರು ಅವರು. ಊರಿನಲ್ಲಿ ಮೃದಂಗ ನುಡಿಸುವವರಿದ್ದರೆ ಒಂದು ದಿನ ತರಗತಿಗೆ ಕರೆಯಿರಿ.

ಪ್ರಶ್ನೆ: ಶಬ್ದದ ವೇಗವನ್ನು ಶಾಲೆಯ ಮೈದಾನದಲ್ಲಿ ಮಕ್ಕಳೇ ಅಳೆಯಲು ಸಾಧ್ಯವೇ?
– ಒಬ್ಬ ಮುಖ್ಯೋಪಾಧ್ಯಾಯರು, ಹಾವೇರಿ ಜಿಲ್ಲೆ

ಉತ್ತರ: ಸಾಧ್ಯವಿದೆ, ಮತ್ತು ಫಲಿತಾಂಶ ಬೆರಗಾಗುವಷ್ಟು ಚೆನ್ನಾಗಿ ಬರುತ್ತದೆ. ಎದುರಿಗೆ ಕಿಟಕಿಗಳಿಲ್ಲದ ದೊಡ್ಡ ಗೋಡೆ ಬೇಕು, ಅಕ್ಕಪಕ್ಕದಲ್ಲಿ ಬೇರೆ ಕಟ್ಟಡ ಇರಬಾರದು. ಗೋಡೆಯಿಂದ 50 ಮೀಟರ್ ಅಳೆದು ನಿಂತು ಎರಡು ಮರದ ತುಂಡುಗಳನ್ನು ಒಂದಕ್ಕೊಂದು ಬಡಿಯಲಿ. ಪ್ರತಿಧ್ವನಿ ಎರಡು ಬಡಿತಗಳ ನಡುಮಧ್ಯದಲ್ಲಿ ಬೀಳುವಂತೆ ಲಯವನ್ನು ಸರಿಪಡಿಸಿಕೊಳ್ಳಬೇಕು. ತಾಳ ಹಾಕಿ ಅಭ್ಯಾಸವಿರುವ ಮಗು ಇದನ್ನು ಬೇಗ ಹಿಡಿಯುತ್ತದೆ. ಲಯ ಕೂಡಿದ ಮೇಲೆ ಇನ್ನೊಬ್ಬರು ಮೊದಲ ಬಡಿತಕ್ಕೆ ‘ಸೊನ್ನೆ’ ಎಂದು ಎಣಿಕೆ ಆರಂಭಿಸಿ ‘ಇಪ್ಪತ್ತು’ ಆಗುವವರೆಗಿನ ಸಮಯವನ್ನು ಅಳೆಯಲಿ. ‘ಒಂದು’ ಎಂದು ಆರಂಭಿಸಿದರೆ ಒಂದು ಅಂತರ ಕಡಿಮೆಯಾಗಿ ಲೆಕ್ಕ ತಪ್ಪುತ್ತದೆ.

ಎರಡು ಬಡಿತಗಳ ನಡುವಿನ ಅರ್ಧ ಸಮಯದಲ್ಲಿ ಶಬ್ದ ಗೋಡೆಗೆ ಹೋಗಿ ಮರಳಿ 100 ಮೀಟರ್ ಕ್ರಮಿಸುತ್ತದೆ. ಪೂರ್ಣ ಅಂತರಕ್ಕೆ 200 ಮೀಟರ್, ಇಪ್ಪತ್ತು ಅಂತರಗಳಿಗೆ 4000 ಮೀಟರ್. ಸಮಯ 11.5 ಸೆಕೆಂಡಿನ ಆಸುಪಾಸಿನಲ್ಲಿ ಬಂದರೆ ವೇಗ ಸೆಕೆಂಡಿಗೆ ಸುಮಾರು 348 ಮೀಟರ್ ಆಗುತ್ತದೆ. 28 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗಾಳಿಯಲ್ಲಿ ಇರಬೇಕಾದ ವೇಗವೂ ಅದೇ. ಉಷ್ಣತೆ ಒಂದು ಡಿಗ್ರಿ ಏರಿದರೆ ವೇಗ ಸೆಕೆಂಡಿಗೆ 0.6 ಮೀಟರಿನಷ್ಟು ಹೆಚ್ಚುತ್ತದೆ, ಆದರೆ ಆ ವ್ಯತ್ಯಾಸ ಈ ಅಳತೆಯಲ್ಲಿ ಸಿಗುವುದಿಲ್ಲ. ಹಲವು ತಂಡಗಳಿಂದ ಅಳೆಸಿ ಸರಾಸರಿ ತೆಗೆಯುವುದು ಒಳ್ಳೆಯದು. ಒಂದು ತಂಡದ ಉತ್ತರ ದೂರ ಹೋಗಿದ್ದರೆ ಅದನ್ನು ಅಳಿಸದೆ ಕಾರಣ ಹುಡುಕಲು ಹೇಳಿ.

ಶಾಲಾ ಪ್ರವಾಸ ವಿಜಯಪುರದ ಕಡೆಗಿದ್ದರೆ ಗೋಳಗುಮ್ಮಟದ ಪಿಸುಮಾತಿನ ಮೊಗಸಾಲೆಯಲ್ಲಿ ಬರಿದೇ ಕೂಗಿಸಬೇಡಿ. ಒಬ್ಬರು ಗೋಡೆಗೆ ಮುಖ ಮಾಡಿ ಪಿಸುಗುಟ್ಟಲಿ, ಎದುರು ಬದಿಯಲ್ಲಿರುವವರು ಗೋಡೆಗೆ ಕಿವಿ ಹತ್ತಿರವಿಟ್ಟು ಕೇಳಲಿ. ನಂತರ ಒಳಮುಖವಾಗಿ ಪಿಸುಗುಟ್ಟಿ ಹೋಲಿಸಲಿ.

ಪ್ರಶ್ನೆ: ನನ್ನ ಮಗಳು ಏಳನೆಯ ತರಗತಿ. ಬೆಳಕಿನ ಪ್ರಯೋಗಗಳನ್ನು ಮನೆಯಲ್ಲಿ ಮಾಡಿಸಲು ಪ್ರಯೋಗಗಳ ಕಿಟ್ ಕೊಳ್ಳಬೇಕೇ?
– ಒಬ್ಬ ತಂದೆ, ಮೈಸೂರು

ಉತ್ತರ: ಬೇಕಿಲ್ಲ. ಒಂದು ಕನ್ನಡಿ, ಒಂದು ಹಳೆಯ ಸಿ.ಡಿ. ಇದ್ದರೆ ಸಾಕು. ಕನ್ನಡಿಗೆ ಕಪ್ಪು ಕಾಗದ ಅಂಟಿಸಿ, ಅದರಲ್ಲಿ ಐದು ಮಿಲಿಮೀಟರಿನಷ್ಟು ಅಗಲದ ತ್ರಿಕೋನಾಕಾರದ ರಂಧ್ರ ಮಾಡಿ, ಬಿಸಿಲನ್ನು ಕತ್ತಲೆ ಕೋಣೆಯ ಗೋಡೆಗೆ ಪ್ರತಿಫಲಿಸಿ. ಗೋಡೆ ಹತ್ತಿರವಿದ್ದಾಗ ತ್ರಿಕೋನ ಕಾಣುತ್ತದೆ. ಹನ್ನೊಂದು ಮೀಟರ್ ದೂರ ಹೋದರೆ ಸುಮಾರು ಹತ್ತು ಸೆಂಟಿಮೀಟರ್ ಅಗಲದ ದುಂಡನೆಯ ಬೆಳಕು ಬೀಳುತ್ತದೆ. ಅದು ಸೂರ್ಯನ ಬಿಂಬ. ಕನ್ನಡಿಯಿಂದ ಗೋಡೆಗಿರುವ ದೂರವನ್ನು ಬಿಂಬದ ವ್ಯಾಸದಿಂದ ಭಾಗಿಸಿದರೆ 108ರ ಹತ್ತಿರದ ಸಂಖ್ಯೆ ಬರಬೇಕು. ಸೂರ್ಯನ ದೂರವನ್ನು ಅವನ ವ್ಯಾಸದಿಂದ ಭಾಗಿಸಿದರೂ ಅದೇ ಸಂಖ್ಯೆ ಬರುತ್ತದೆ. ಸೂರ್ಯನ ದೂರ 15 ಕೋಟಿ ಕಿಲೋಮೀಟರ್ ಎಂದು ಹೇಳಿಕೊಟ್ಟರೆ ಅವನ ವ್ಯಾಸ ಸುಮಾರು 14 ಲಕ್ಷ ಕಿಲೋಮೀಟರ್ ಎಂದು ಮಗಳೇ ಲೆಕ್ಕ ಹಾಕುತ್ತಾಳೆ. ಮರದಡಿಯ ದುಂಡು ಬಿಸಿಲಚುಕ್ಕೆಗಳೂ ಇಂಥ ಬಿಂಬಗಳೇ. 2019ರ ಡಿಸೆಂಬರ್ 26ರ ಕಂಕಣ ಗ್ರಹಣದಂದು ಕೊಡಗಿನ ಕುಟ್ಟದಂಥ ಕಡೆ ಆ ಚುಕ್ಕೆಗಳು ಬಳೆಯ ಆಕಾರ ತಾಳಿದ್ದು ಇದೇ ಕಾರಣಕ್ಕೆ.

ಸಿ.ಡಿ.ಯಲ್ಲಿ ಸುರುಳಿ ಗೆರೆಗಳ ನಡುವಿನ ಅಂತರ 1.6 ಮೈಕ್ರೋಮೀಟರ್ ಮಾತ್ರ. ಆದ್ದರಿಂದ ಅದು ಬೆಳಕನ್ನು ಬಣ್ಣಗಳಾಗಿ ಬಿಡಿಸುತ್ತದೆ. ರಾತ್ರಿ ಒಂದೊಂದೇ ದೀಪ ಉರಿಸಿ ಅದರ ಪ್ರತಿಫಲನ ನೋಡಿ. ತಂತಿಯ ಬಲ್ಬಿನಲ್ಲಿ ಬಣ್ಣಗಳು ಒಂದರೊಳಗೊಂದು ಬೆರೆತು ಸಾಗುತ್ತವೆ, ಸಿ.ಎಫ್.ಎಲ್. ದೀಪದಲ್ಲಿ ಬಿಡಿಬಿಡಿ ಪಟ್ಟಿಗಳಾಗಿ ನಿಲ್ಲುತ್ತವೆ. ನಮ್ಮ ಕಣ್ಣಿಗೆ ಎರಡೂ ಬಿಳಿಯೇ ಆಗಿದ್ದುದು ಹೇಗೆ ಎಂದು ಅವಳು ಕೇಳಿದರೆ ಉತ್ತರಕ್ಕೆ ಅವಸರ ಬೇಡ, ಎಲ್.ಇ.ಡಿ. ದೀಪವನ್ನೂ ನೋಡಿ ಮೂರನ್ನೂ ಬಣ್ಣದ ಪೆನ್ಸಿಲಿನಲ್ಲಿ ಬರೆದಿಡಲಿ.

ಒಂದು ಎಚ್ಚರಿಕೆ ಮಾತ್ರ ಕಡ್ಡಾಯ. ಸೂರ್ಯನನ್ನು ರಂಧ್ರದ ಮೂಲಕವಾಗಲಿ, ಸಿ.ಡಿ.ಯ ಮೂಲಕವಾಗಲಿ, ಕನ್ನಡಿಯಲ್ಲಾಗಲಿ ನೇರವಾಗಿ ನೋಡಬಾರದು. ಗೋಡೆಯ ಮೇಲೆ ಬಿದ್ದ ಬಿಂಬವನ್ನು ಮಾತ್ರ ನೋಡಬೇಕು. ಕನ್ನಡಿಯನ್ನು ಯಾರ ಮುಖದತ್ತಲೂ ತಿರುಗಿಸದಂತೆ, ಪ್ರಯೋಗ ಮುಗಿಯುವವರೆಗೆ ಅದನ್ನು ನೀವೇ ಹಿಡಿದುಕೊಂಡಿರಿ.